ಸಿಪ್ಪೆ ಏಳುವ ಇಯರ್ ಪ್ಯಾಡ್‌ಗೆ ಯಾವ ಉಪಾಯ: ಬಟ್ಟೆಯ ಹೊದಿಕೆಯೇ, ರೆಕ್ಸಿನ್ ಹೊಲಿಗೆಯೇ, ಹೊಸ ಜೋಡಿಯೇ?

ಹೆಡ್‌ಫೋನು ತೆಗೆದಿಟ್ಟ ಮೇಲೆ ಕೆನ್ನೆಯ ಮೇಲೆ, ಅಂಗಿಯ ಕಾಲರಿನ ಮೇಲೆ, ದಿಂಬಿನ ಮೇಲೆ ಸುಟ್ಟ ಕಾಗದದಂಥ ಕಪ್ಪು ಚೂರುಗಳು ಕಾಣತೊಡಗಿದರೆ ಇಯರ್ ಪ್ಯಾಡಿನ ಮೇಲ್ಪದರ ಕಳಚುತ್ತಿದೆ ಎಂದು ತಿಳಿಯಬೇಕು. ಒಳಗಿನ ಸ್ಪೀಕರು, ತಂತಿ, ಬ್ಯಾಟರಿ ಎಲ್ಲವೂ ಚೆನ್ನಾಗಿದ್ದರೂ ಇಷ್ಟಕ್ಕೇ ಬೇಸತ್ತು ಹೊಸ ಹೆಡ್‌ಫೋನು ಕೊಳ್ಳುವವರಿದ್ದಾರೆ. ಅದು ಚಾಪೆ ಹರಿಯಿತೆಂದು ಮನೆ ಬದಲಿಸಿದ ಹಾಗೆ. ಮನೆಯಲ್ಲಿಯೇ ಮಾಡಬಹುದಾದ ಅಗ್ಗದ ಉಪಾಯಗಳು ನಾಲ್ಕೈದಿವೆ. ನನ್ನ ಎರಡು ಹೆಡ್‌ಫೋನುಗಳ ಮೇಲೂ ಮನೆಯವರ ಇನ್ನೊಂದರ ಮೇಲೂ ಅವನ್ನೆಲ್ಲ ಒಂದಲ್ಲ ಒಂದು ಸಲ ಮಾಡಿ ನೋಡಿದ್ದೇನೆ. ಅವುಗಳಲ್ಲಿ ಯಾವುದು ಒಳ್ಳೆಯದು ಎಂಬುದು ಮೇಲಿನ ಚರ್ಮ ಎಷ್ಟು ಹೋಗಿದೆ ಎಂಬುದಕ್ಕಿಂತ ಒಳಗಿನ ಸ್ಪಂಜು ಹೇಗಿದೆ, ಪ್ಯಾಡು ಕಪ್ಪಿಗೆ, ಅಂದರೆ ಸ್ಪೀಕರು ಕೂತಿರುವ ಬಟ್ಟಲಿಗೆ, ಯಾವ ರೀತಿಯಲ್ಲಿ ಕೂತಿದೆ ಮತ್ತು ಅದನ್ನು ನೀವು ಯಾವುದಕ್ಕೆ ಬಳಸುತ್ತೀರಿ ಎಂಬುದರ ಮೇಲೆ ನಿಲ್ಲುತ್ತದೆ.

ಪದರ ಏಕೆ ಕಳಚುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಅರ್ಧದಷ್ಟು ವ್ಯರ್ಥ ಪ್ರಯತ್ನಗಳು ತಪ್ಪುತ್ತವೆ. ಅಂಗಡಿಯವರು ಲೆದರ್ ಎಂದರೂ ಹೆಚ್ಚಿನ ಪ್ಯಾಡುಗಳ ಹೊರಮೈ ತೆಳುವಾದ ಹೆಣಿಗೆ ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಲೇಪ. ಪೆಟ್ಟಿಗೆಯ ಮೇಲೆ ‘ಪ್ರೋಟೀನ್ ಲೆದರ್’ ಎಂದು ಅಚ್ಚಾಗಿರುವುದೂ ಬಹುಮಟ್ಟಿಗೆ ಇದೇ ಜಾತಿಯದು. ಗಾಳಿಯ ತೇವ ಮತ್ತು ಮೈಯ ಬೆವರು ಈ ಪ್ಲಾಸ್ಟಿಕ್ಕಿನ ಅಣುಸರಪಳಿಯ ಕೊಂಡಿಗಳನ್ನು ನಿಧಾನವಾಗಿ ಬಿಡಿಸುತ್ತವೆ, ಬಿಸಿಯಿದ್ದರೆ ಆ ಕೆಲಸ ಇನ್ನೂ ಬೇಗ ನಡೆಯುತ್ತದೆ. ಮದುವೆಗೆಂದು ಕೊಂಡು ಐದಾರು ವರ್ಷ ಕಪಾಟಿನಲ್ಲಿಟ್ಟ ಬೂಟನ್ನು ಮತ್ತೊಂದು ಮದುವೆಗೆ ಹಾಕಿಕೊಂಡು ಹೊರಟಾಗ ಅದರ ಅಟ್ಟೆ ಛತ್ರದ ಬಾಗಿಲಲ್ಲೇ ಪುಡಿಯಾಗಿ ಉದುರುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಎರಡಕ್ಕೂ ಕಾರಣ ಒಂದೇ. ಆದ್ದರಿಂದಲೇ ಬಳಸದೆ ಜೋಪಾನವಾಗಿಟ್ಟ ಹೆಡ್‌ಫೋನಿನ ಪ್ಯಾಡೂ ಹಾಳಾಗುತ್ತದೆ, ಮಳೆಗಾಲದ ಮಂಗಳೂರು, ಉಡುಪಿಗಳ ಹವೆಯಲ್ಲಿ ಇನ್ನೂ ಬೇಗ. ಲೇಪ ಒಳಗಿನಿಂದಲೇ ಸತ್ತಿರುವಾಗ ಮೇಲೆ ಕೊಬ್ಬರಿ ಎಣ್ಣೆ ಸವರುವುದರಿಂದಾಗಲಿ, ಬೂಟ್ ಪಾಲಿಶ್ ಉಜ್ಜುವುದರಿಂದಾಗಲಿ, ನಿಜವಾದ ಚರ್ಮಕ್ಕೆಂದು ಮಾರುವ ಕ್ರೀಮ್ ಹಚ್ಚುವುದರಿಂದಾಗಲಿ ಅದು ಮತ್ತೆ ಜೀವ ತಳೆಯುವುದಿಲ್ಲ. ಎಣ್ಣೆಯಂತೂ ಲೇಪವನ್ನು ಇನ್ನಷ್ಟು ಮೆತ್ತಗೆ ಮಾಡಿ ಅಂಟಂಟಾಗಿಸುತ್ತದೆ.

ಕೆಲಸಕ್ಕೆ ಮುಂಚಿನ ಮೂರು ಪರೀಕ್ಷೆ

ಮೊದಲನೆಯದು ಸ್ಪಂಜಿನದು. ಹೆಬ್ಬೆರಳಿನಿಂದ ಪ್ಯಾಡನ್ನು ಅದುಮಿ ಬಿಟ್ಟಾಗ ಒಂದೆರಡು ಸೆಕೆಂಡುಗಳಲ್ಲಿ ಮೊದಲಿನ ಎತ್ತರಕ್ಕೆ ಏರಿದರೆ ಸ್ಪಂಜು ಚೆನ್ನಾಗಿದೆ ಎಂದರ್ಥ; ಮೆಮೊರಿ ಫೋಮ್ ಆಗಿದ್ದರೆ ಇನ್ನೂ ಸ್ವಲ್ಪ ನಿಧಾನವಾಗಿ ಏಳುತ್ತದೆ, ಅದು ದೋಷವಲ್ಲ. ಗುಳಿ ಹಾಗೆಯೇ ಉಳಿದರೆ, ಅಥವಾ ಒಳಗೆ ರವೆ ಸುರಿದಂತೆ ಸದ್ದಾದರೆ ಸ್ಪಂಜೂ ಪುಡಿಯಾಗುತ್ತಿದೆ. ಆಗ ಹೊದಿಕೆಯ ಯಾವ ಉಪಾಯಕ್ಕೂ ಕೈ ಹಾಕದೆ ಹೊಸ ಜೋಡಿಯನ್ನು ಕೊಳ್ಳುವುದೇ ಸರಿ. ಸವೆದು ಚಪ್ಪಟೆಯಾದ ಪ್ಯಾಡಿನಿಂದ ಕಿವಿ ಸ್ಪೀಕರಿನ ಜಾಲರಿಗೆ ತಾಗಿ ನೋಯುವುದಲ್ಲದೆ, ಕಿವಿಗೂ ಸ್ಪೀಕರಿಗೂ ನಡುವಿನ ಅಂತರ ಕುಗ್ಗಿ ಧ್ವನಿಯ ಹದವೂ ಬದಲಾಗಿರುತ್ತದೆ.

ಎರಡನೆಯದು ಪ್ಯಾಡು ಕೂತಿರುವ ಬಗೆ. ಆಡಿಯೋ-ಟೆಕ್ನಿಕಾ ಎಂ50ಎಕ್ಸ್, ಸೋನಿ ಎಂಡಿಆರ್-7506 ಮೊದಲಾದ ಸ್ಟುಡಿಯೋ ಹೆಡ್‌ಫೋನುಗಳಲ್ಲಿ ಪ್ಯಾಡಿನ ಹಿಂಭಾಗದ ತೆಳು ಅಂಚು ಕಪ್ಪಿನ ಸುತ್ತಲಿನ ಸೀಳಿನೊಳಗೆ ಸಿಕ್ಕಿಕೊಂಡಿರುತ್ತದೆ. ಸೋನಿಯ ಡಬ್ಲ್ಯುಎಚ್-1000 ಸಾಲಿನವುಗಳಲ್ಲಿ ಪ್ಲಾಸ್ಟಿಕ್ ಕೊಕ್ಕೆಗಳು ಹಿಡಿದಿರುತ್ತವೆ. ಬೀಟ್ಸ್ ಸೋಲೋದಂಥವುಗಳಲ್ಲಿ ಅಂಟಿನ ಪದರವಿರುತ್ತದೆ. ಆಪಲ್ ಏರ್‌ಪಾಡ್ಸ್ ಮ್ಯಾಕ್ಸ್‌ನಲ್ಲಿ ಅಯಸ್ಕಾಂತವಿದೆ, ಎಳೆದರೆ ಬರುತ್ತದೆ, ಹಚ್ಚಿದರೆ ಕೂರುತ್ತದೆ. ಆದರೆ ಅಷ್ಟು ಬೆಲೆಯ ಹೆಡ್‌ಫೋನು ಇರುವವರು ಈ ಬರಹವನ್ನು ಓದುವ ಸಂಭವ ಕಡಿಮೆ. ಅಂಚು ಸಿಕ್ಕಿಸುವ ಜಾತಿ ನಮ್ಮಂಥ ಮನೆ ರಿಪೇರಿಯವರಿಗೆ ಎಲ್ಲಕ್ಕಿಂತ ಅನುಕೂಲ, ಅಂಟಿನದು ಎಲ್ಲಕ್ಕಿಂತ ಕಿರಿಕಿರಿ.

ಮೂರನೆಯದು ಬಳಕೆ. ಕಚೇರಿಯ ಮೀಟಿಂಗು, ಪಾಠ, ಸುದ್ದಿ, ಫೋನಿನ ಮಾತು ಇಷ್ಟೇ ಆದರೆ ಗಾಳಿ ಸ್ವಲ್ಪ ಸೋರಿದರೂ ಬಾಧಕವಿಲ್ಲ, ಏಕೆಂದರೆ ಮನುಷ್ಯನ ಮಾತಿನ ಸ್ಪಷ್ಟತೆ ಇರುವುದು ಮಧ್ಯದ ಮತ್ತು ಮೇಲಿನ ಸ್ವರಗಳಲ್ಲಿ. ಸಂಗೀತ ಕೇಳುವವರಿಗೆ, ಅದರಲ್ಲಿಯೂ ಹಿಂಭಾಗ ಮುಚ್ಚಿದ ಕಪ್ಪಿನ ಹೆಡ್‌ಫೋನು ಉಳ್ಳವರಿಗೆ ಮಾತು ಬೇರೆ. ಕೆಳಸ್ವರಗಳು ನಿಲ್ಲುವುದೇ ಪ್ಯಾಡು, ಕೆನ್ನೆ ಮತ್ತು ಸ್ಪೀಕರು ಸೇರಿ ಮುಚ್ಚಿಡುವ ಅಷ್ಟು ಗಾಳಿಯ ಮೇಲೆ. ಅದು ಸೋರಿದರೆ ಮೃದಂಗದ ಎಡಭಾಗದ ಗುಮುಕಿ, ತಂಬೂರಿಯ ಮಂದ್ರ ಷಡ್ಜ ಎಲ್ಲ ಬಡವಾಗುತ್ತವೆ. ಗದ್ದಲ ತಡೆಯುವ ಸೌಲಭ್ಯವುಳ್ಳವುಗಳಿಗೂ ಇದೇ ಎಚ್ಚರ ಬೇಕು, ಏಕೆಂದರೆ ಕಪ್ಪಿನೊಳಗಿನ ಮೈಕು ಪ್ಯಾಡು ಗಾಳಿಯಾಡದಂತೆ ಕೂತಿರುತ್ತದೆ ಎಂಬ ಲೆಕ್ಕದಲ್ಲಿಯೇ ತನ್ನ ಕೆಲಸ ಮಾಡುತ್ತದೆ.

ಹೋಲಿಸಲೇಬೇಕಿಲ್ಲದ ಎರಡು

ಟೇಪು ಸುತ್ತುವುದು ಮತ್ತು ಬಣ್ಣವೋ ಅಂಟೋ ಬಳಿಯುವುದು, ಈ ಎರಡನ್ನೂ ಆರಂಭದಲ್ಲಿಯೇ ಬಿಟ್ಟುಬಿಡುವುದು ಒಳಿತು. ಎಲೆಕ್ಟ್ರಿಶಿಯನ್ನರ ಕಪ್ಪು ಟೇಪು ಒಂದು ವಾರ ಚೆನ್ನಾಗಿ ಕಾಣುತ್ತದೆ, ಆಮೇಲೆ ಅದರ ಗಮ್ಮು ಬೆವರಿಗೆ ಜಾರಿ ಕಿವಿಗೆ ಹತ್ತುತ್ತದೆ. ಉದುರುತ್ತಿರುವ ಲೇಪದ ಮೇಲೆ ಬಣ್ಣ ಬಳಿಯುವುದು ಉಬ್ಬಿದ ಗೋಡೆಗೆ ಸುಣ್ಣ ಹೊಡೆದಂತೆ, ಸುಣ್ಣದ ಸಮೇತ ಗಾರೆ ಬೀಳುತ್ತದೆ. ಫೆವಿಕ್ವಿಕ್‌ನಂಥ ಅಂಟನ್ನಂತೂ ಇಲ್ಲಿ ಬಳಸಲೇಬಾರದು: ಅದು ಗಟ್ಟಿಯಾಗಿ ಕೆನ್ನೆಗೆ ಚುಚ್ಚುವುದು ಒಂದು ಕಡೆ, ಹತ್ತಿಬಟ್ಟೆಗೆ ಹೆಚ್ಚಾಗಿ ತಗುಲಿದರೆ ಕೈ ಸುಡುವಷ್ಟು ಬಿಸಿಯಾಗಿ ಹೊಗೆಯಾಡುವ ಗುಣವೂ ಅದಕ್ಕಿದೆ ಎಂಬುದು ಇನ್ನೊಂದು ಕಡೆ.

ಸಿಪ್ಪೆ ಸುಲಿದು ಬಟ್ಟೆ ಹೊದಿಸುವುದು

ಸ್ಪಂಜು ಚೆನ್ನಾಗಿದ್ದು, ಬಳಕೆ ಮುಖ್ಯವಾಗಿ ಮಾತಿನದ್ದಾಗಿದ್ದರೆ ನನ್ನ ಮೊದಲ ಆಯ್ಕೆ ಇದು. ಖರ್ಚು ಎಲಾಸ್ಟಿಕ್ಕಿನದು ಮಾತ್ರ, ಅದೂ ಹೊಲಿಗೆ ಪೆಟ್ಟಿಗೆಯಲ್ಲಿದ್ದರೆ ಇಲ್ಲ. ಪ್ಯಾಡನ್ನು ಕಪ್ಪಿನಿಂದ ಬಿಡಿಸಿ, ಹಳೆಯ ಪತ್ರಿಕೆಯ ಮೇಲಿಟ್ಟುಕೊಂಡು, ಅಗಲದ ಪ್ಯಾಕಿಂಗ್ ಟೇಪನ್ನು ಒತ್ತಿ ಅಂಟಿಸಿ ಸರ್ರನೆ ಎಳೆದರೆ ಸತ್ತ ಲೇಪವೆಲ್ಲ ಟೇಪಿನ ಜೊತೆಗೇ ಬರುತ್ತದೆ; ಮೂಲೆಗಳಲ್ಲಿ ಉಳಿದದ್ದನ್ನು ಸೋಪುನೀರಿನಲ್ಲಿ ಅದ್ದಿ ಹಿಂಡಿದ ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ ತೆಗೆಯಬಹುದು. ಅರ್ಧ ಸುಲಿದು ನಿಲ್ಲಿಸಬಾರದು. ಗಟ್ಟಿಯಾಗಿ ಕಾಣುವ ಭಾಗವೂ ಒಂದೆರಡು ತಿಂಗಳಲ್ಲಿ ಹೊದಿಕೆಯೊಳಗೇ ಉದುರಿ, ಬಟ್ಟೆಯ ಕಣ್ಣುಗಳಿಂದ ಹೊರಬರುತ್ತದೆ. ಪೂರ್ತಿ ಸುಲಿದ ಮೇಲೆ ಉಳಿಯುವುದು ಕೆಳಗಿನ ಹೆಣಿಗೆ ಬಟ್ಟೆ, ಸ್ಪಂಜನ್ನು ಹಿಡಿದಿಡಲು ಅಷ್ಟು ಸಾಕು. ಸ್ಪಂಜು ನೆನೆದರೆ ಟವೆಲಿನಲ್ಲಿ ಒತ್ತಿ, ಎರಡು ದಿನ ನೆರಳಿನಲ್ಲಿ ಒಣಗಿಸಿ, ಬಿಸಿಲಿಗಿಡಬೇಡಿ.

ಹೊದಿಕೆಗೆ ಹಳೆಯ ಟೀ ಶರ್ಟಿನ ಅಥವಾ ಬನಿಯನ್ನಿನ ಹಿಗ್ಗುವ ಬಟ್ಟೆ ಎಲ್ಲಕ್ಕಿಂತ ಒಳ್ಳೆಯದು. ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟುವ ಬಟ್ಟೆಯ ಕಲ್ಪನೆಯೇ ಇಲ್ಲಿಯದೂ: ಒಂದು ವೃತ್ತ, ಅದರ ಅಂಚಿನಲ್ಲಿ ಎಲಾಸ್ಟಿಕ್. 90 ಮಿ.ಮೀ. ವ್ಯಾಸದ, 20 ಮಿ.ಮೀ. ದಪ್ಪದ ದುಂಡು ಪ್ಯಾಡಿಗೆ ಲೆಕ್ಕ ಹೀಗಿದೆ. ಪ್ಯಾಡನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಆ ಗೆರೆಯಿಂದ ಸುತ್ತಲೂ 37 ಮಿ.ಮೀ. ಹೊರಗೆ ಇನ್ನೊಂದು ಗೆರೆ ಎಳೆಯಬೇಕು. ದಪ್ಪಕ್ಕೆ 20, ಹಿಂಬದಿಗೆ ಹಿಡಿದುಕೊಳ್ಳಲು 5, ಎಲಾಸ್ಟಿಕ್ ತೂರಿಸುವ ಮಡಿಕೆಗೆ 12. ಮೊಟ್ಟೆಯಾಕಾರದ ಪ್ಯಾಡಿಗೂ ಇದೇ ಕ್ರಮ ನಡೆಯುತ್ತದೆ. ಅಂಚನ್ನು ಮಡಚಿ ಕೈಹೊಲಿಗೆ ಹಾಕಿ, ಒಂದು ಕಡೆ ಬೆರಳಗಲ ಬಾಯಿ ಬಿಟ್ಟು, ಲಂಗಕ್ಕೆ ಲಾಡಿ ಪೋಣಿಸುವಂತೆ ಪಿನ್ನಿಗೆ ಸಿಕ್ಕಿಸಿದ 6 ಮಿ.ಮೀ. ಎಲಾಸ್ಟಿಕ್ಕನ್ನು ತೂರಿಸಬೇಕು. ಪ್ಯಾಡಿನ ಸುತ್ತಳತೆ ಸುಮಾರು 283 ಮಿ.ಮೀ. ಇರುವುದರಿಂದ ಅದರ ಮುಕ್ಕಾಲು ಭಾಗ, ಅಂದರೆ ಸುಮಾರು 210 ಮಿ.ಮೀ. ಎಲಾಸ್ಟಿಕ್ ಸಾಕು, ಗಂಟಿಗೆ ಮಾತ್ರ ಎರಡು ಬೆರಳು ಹೆಚ್ಚಿಗೆ ಬಿಟ್ಟುಕೊಳ್ಳಿ. ನಡುವಿನ ಭಾಗವನ್ನು ಕತ್ತರಿಸಿ ತೆಗೆಯಬೇಕೇ ಎಂದು ಕೇಳುವವರಿದ್ದಾರೆ. ಬಟ್ಟೆ ತೆಳುವಾಗಿದ್ದರೆ ಕತ್ತರಿಸದಿರುವುದೇ ಮೇಲು: ಮೇಲಿನ ಸ್ವರಗಳು ಕೂದಲೆಳೆಯಷ್ಟು ಮಂಕಾಗುತ್ತವೆ, ಆದರೆ ಕೂದಲು, ಧೂಳು ಸ್ಪೀಕರಿಗೆ ಹೋಗುವುದು ನಿಲ್ಲುತ್ತದೆ. ಕತ್ತರಿಸಿದರೆ ಬನಿಯನ್ ಬಟ್ಟೆಯ ಅಂಚು ಸುರುಳಿಯಾಗಿ ಕಿವಿಯ ಸುತ್ತ ಹಗ್ಗದಂತೆ ಒತ್ತುತ್ತದೆ.

ಹೊಲಿಗೆ ಬಾರದವರು ಕಾಲುಚೀಲದ ಕೊಳವೆಯಂಥ ಭಾಗವನ್ನು ಒಂದು ಗೇಣಿನ ಅರ್ಧದಷ್ಟು ಕತ್ತರಿಸಿ ಪ್ಯಾಡಿಗೂ ಕಪ್ಪಿಗೂ ಒಟ್ಟಿಗೆ ಏರಿಸಬಹುದು. ನೋಡಲು ಅಂದವಿಲ್ಲ, ಹೊರಮೈಯಲ್ಲಿರುವ ಮೈಕು ಅಥವಾ ಗುಂಡಿಗಳು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು, ಅಷ್ಟೇ.

ಈ ಉಪಾಯದ ದೊಡ್ಡ ಅನುಕೂಲವೆಂದರೆ ವಾರಕ್ಕೊಮ್ಮೆ ಬಿಚ್ಚಿ ಒಗೆಯಬಹುದು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಕುಳಿತು ದಿನಕ್ಕೆ ನಾಲ್ಕು ಮೀಟಿಂಗು ಕೇಳುವವರಿಗೆ ಬೆವರುವ ರೆಕ್ಸಿನ್ನಿಗಿಂತ ಒಣ ಹತ್ತಿಬಟ್ಟೆಯೇ ಹಿತ. ಅನನುಕೂಲ ಆಗಲೇ ಹೇಳಿದ್ದೇ, ಲೇಪ ಹೋದ ಮೇಲೆ ಹೆಣಿಗೆ ಬಟ್ಟೆಯ ಮೂಲಕ ಗಾಳಿ ಸೋರುತ್ತದೆ. ಎಷ್ಟು ಸೋರುತ್ತಿದೆ ಎಂದು ತಿಳಿಯಲು ಫೋನಿನಲ್ಲಿ 50 ಹರ್ಟ್ಜ್‌ನ ಒಂದೇ ಕೆಳಸ್ವರವನ್ನು ಸಣ್ಣ ಸದ್ದಿನಲ್ಲಿ ನುಡಿಸಿ, ಎರಡೂ ಕಪ್ಪುಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಒತ್ತಿದಾಗ ಸ್ವರ ಎದ್ದು ಬಂದು, ಬಿಟ್ಟಾಗ ಕುಗ್ಗಿದರೆ ಸೋರಿಕೆ ಇದೆ. ಒತ್ತಿದರೂ ಬಿಟ್ಟರೂ ಹೆಚ್ಚು ಕಡಿಮೆ ಒಂದೇ ಇದ್ದರೆ ನಿಮ್ಮ ಹೊದಿಕೆ ಗೆದ್ದಿತು. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಈ ಪರೀಕ್ಷೆ ಮಾಡಬೇಕು, ಕಡ್ಡಿಯ ಸಂದಿನಲ್ಲಿ ಸೋರುವುದನ್ನು ಪ್ಯಾಡಿನ ತಲೆಗೆ ಕಟ್ಟಬಾರದು.

ಇಲ್ಲೊಂದು ತಪ್ಪನ್ನು ನಾನೇ ಮಾಡಿದ್ದೇನೆ. ಪ್ಯಾಡು ಬಿಡಿಸುವ ಶ್ರಮವೇಕೆ ಎಂದು ಅದು ಕಪ್ಪಿನ ಮೇಲಿರುವಾಗಲೇ ಹೊದಿಕೆಯ ಸಡಿಲ ಅಂಚಿಗೆ ನಾಲ್ಕು ಹೊಲಿಗೆ ಹಾಕಹೊರಟೆ. ಸ್ಪೀಕರಿನ ಹಿಂದಿರುವುದು ಬಲವಾದ ಅಯಸ್ಕಾಂತ ಎಂಬುದು ಗೊತ್ತಿದ್ದೂ ಆ ಕ್ಷಣಕ್ಕೆ ಹೊಳೆಯಲಿಲ್ಲ; ಬೆರಳಿನಿಂದ ಸೂಜಿ ತಪ್ಪಿಸಿಕೊಂಡು ಟಣ್ಣೆಂದು ಜಾಲರಿಗೆ ಹಾರಿ ಕೂತಿತು. ಜಾಲರಿಯ ತೂತು ಇನ್ನೊಂದಿಷ್ಟು ದೊಡ್ಡದಿದ್ದಿದ್ದರೆ ಕಾಗದಕ್ಕಿಂತ ತೆಳುವಾದ ಸ್ಪೀಕರಿನ ಪೊರೆ ತೂತಾಗುತ್ತಿತ್ತು. ಸೂಜಿ, ಪಿನ್ನು, ಸ್ಕ್ರೂಡ್ರೈವರು ಏನಿದ್ದರೂ ಬಿಚ್ಚಿದ ಕಪ್ಪಿನಿಂದ ಮೊಳದಷ್ಟು ದೂರವಿರಲಿ, ಪ್ಯಾಡು ಎಬ್ಬಿಸಲು ಅವಧಿ ಮುಗಿದ ಎಟಿಎಂ ಕಾರ್ಡು ಸಾಕು.

ರೆಕ್ಸಿನ್‌ನಲ್ಲಿ ಹೊಸದಾಗಿ ಹೊಲಿಯುವುದು

ಕೇಳಲು ಇದೇ ಸರಿಯಾದ ರಿಪೇರಿ ಎನಿಸುತ್ತದೆ, ಮಾಡಲು ಕೂತಾಗ ಕಷ್ಟ ಗೊತ್ತಾಗುತ್ತದೆ. ಹಳೆಯ ಹೊದಿಕೆಯ ಹೊಲಿಗೆ ಬಿಚ್ಚಿ, ತುಂಡುಗಳನ್ನು ಅಚ್ಚಾಗಿಟ್ಟುಕೊಂಡು ಹೊಸದನ್ನು ಕತ್ತರಿಸಿ, ಒಳಮೈ ಹೊರಗೆ ಮಾಡಿ ಹೊಲಿದು, ಆಮೇಲೆ ತಿರುಗಿಸಿ ಸ್ಪಂಜು ತುಂಬಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ನಿಮ್ಮೂರಿನ ಸೀಟ್ ಕವರ್ ಹೊಲಿಯುವವರ ಬಳಿಯಾಗಲಿ ತುಂಡು ರೆಕ್ಸಿನ್ನು ಚಿಲ್ಲರೆ ಹಣಕ್ಕೆ ಸಿಗುತ್ತದೆ. ಆದರೆ ಸ್ಕೂಟರ್ ಸೀಟಿನ ರೆಕ್ಸಿನ್ನು ಈ ಕೆಲಸಕ್ಕೆ ಬಹಳ ದಪ್ಪ. ಅದು 20 ಮಿ.ಮೀ.ನಷ್ಟು ಸಣ್ಣ ತಿರುವಿನಲ್ಲಿ ಸುಕ್ಕಾಗಿ ನಿಂತು, ಪ್ರತಿ ಸುಕ್ಕಿನಲ್ಲಿಯೂ ಗಾಳಿಗೆ ಒಂದು ಕಿಂಡಿ ಬಿಡುತ್ತದೆ. ಪರ್ಸು, ಕೈಚೀಲಗಳಿಗೆ ಬಳಸುವ ತೆಳುವಾದ, ಹಿಂದೆ ಹೆಣಿಗೆ ಬಟ್ಟೆಯಿರುವ ಜಾತಿಯನ್ನೇ ಕೇಳಿ ತರಬೇಕು. ಟೈಲರ್ ಹತ್ತಿರ ಕೊಟ್ಟರೆ ಹೆಚ್ಚಿನವರು ಇಷ್ಟು ಚಿಕ್ಕ ಉಂಗುರಕ್ಕೆ ಮಶೀನು ತಿರುಗುವುದಿಲ್ಲ ಎಂದು ಹಿಂದಕ್ಕೆ ಕೊಡುತ್ತಾರೆ, ಅವರದು ತಪ್ಪಲ್ಲ. ನಾನು ಕೈಯಲ್ಲಿ ಹೊಲಿದ ಒಂದು ಜೋಡಿಗೆ ಭಾನುವಾರದ ಮಧ್ಯಾಹ್ನ ಪೂರ್ತಿ ಹೋಯಿತು. ಎಡಗಡೆಯದು ಪರವಾಗಿಲ್ಲ ಎನ್ನುವಂತೆ ಬಂತು, ಬಲಗಡೆಯದು ಹಲಸಿನಕಾಯಿಯಂತೆ ಉಬ್ಬುತಗ್ಗಾಗಿ ಕೂತಿತು. ಮಾದರಿ ತೀರ ಹಳೆಯದಾಗಿ ಎಲ್ಲಿಯೂ ಬದಲಿ ಪ್ಯಾಡು ಸಿಗದಿದ್ದರೆ ಮಾತ್ರ ಈ ದಾರಿ ಹಿಡಿಯಿರಿ ಎಂಬುದು ನನ್ನ ಅಭಿಪ್ರಾಯ.

ಹೊಸ ಜೋಡಿ ಕೊಳ್ಳುವುದು

ಸಂಗೀತ ಕೇಳುವವರಿಗೆ, ಗದ್ದಲ ತಡೆಯುವ ಹೆಡ್‌ಫೋನಿನವರಿಗೆ, ಸ್ಪಂಜು ಸತ್ತವರಿಗೆ ಇದೇ ಅಗ್ಗದ ದಾರಿ. ಸಮಯವನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನೂ ಅಗ್ಗ. ಕಂಪನಿಯದೇ ಪ್ಯಾಡು ಸಿಕ್ಕಿ, ಬೆಲೆ ಹೆಡ್‌ಫೋನಿನ ಬೆಲೆಯ ಕಾಲುಭಾಗವನ್ನು ದಾಟದಿದ್ದರೆ ಅದನ್ನೇ ಕೊಳ್ಳಬೇಕು, ಏಕೆಂದರೆ ಸ್ಪಂಜಿನ ಗಡಸು, ಎತ್ತರ, ಒಳಬದಿಯ ತೂತುಗಳು ಎಲ್ಲವೂ ಧ್ವನಿಯ ಲೆಕ್ಕದಲ್ಲಿ ಸೇರಿರುತ್ತವೆ. ಬೇರೆಯವರು ಮಾಡಿದ ಬದಲಿ ಪ್ಯಾಡುಗಳು ಆನ್‌ಲೈನಿನಲ್ಲಿ ಹೇರಳವಾಗಿವೆ, ನಾನು ಕಳೆದ ಸಲ ಕೊಂಡ ಜೋಡಿಗೆ 480 ರೂಪಾಯಿ ಬಿತ್ತು. ಬೆಂಗಳೂರಿನವರು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹೆಡ್‌ಫೋನನ್ನು ಕೈಯಲ್ಲಿ ಹಿಡಿದೇ ಹೋಗಿ ವಿಚಾರಿಸಬಹುದು.

ಮೋಸ ಹೋಗುವುದು ಅಳತೆಯಲ್ಲಿ. ಒಮ್ಮೆ ನಾನು ಹೊರಗಿನ ಅಳತೆಯನ್ನಷ್ಟೇ ನೋಡಿ ತರಿಸಿದೆ, ಕಪ್ಪಿನ ಮೇಲೆ ಚೆನ್ನಾಗಿಯೇ ಕೂತಿತು, ಒಳಗಿನ ಕಿಂಡಿ ಮಾತ್ರ ಚಿಕ್ಕದಾಗಿ ಕಿವಿಯ ಮೇಲ್ತುದಿ ಪ್ಯಾಡಿನಡಿಗೆ ಸಿಕ್ಕಿ ಅರ್ಧ ಗಂಟೆಯಲ್ಲಿ ಕೆಂಪಗಾಯಿತು. ಆದ್ದರಿಂದ ಹೊರಗಿನ ಉದ್ದ ಮತ್ತು ಅಗಲ, ಒಳಕಿಂಡಿಯ ಉದ್ದ ಮತ್ತು ಅಗಲ, ಎತ್ತರ ಇವಿಷ್ಟನ್ನೂ ಮಿ.ಮೀ.ಗಳಲ್ಲಿ ಬರೆದಿಟ್ಟುಕೊಂಡು ಹೋಲಿಸಬೇಕು. ಎತ್ತರವನ್ನು ಅಳೆಯುವಾಗ ನಿಮ್ಮ ಪ್ಯಾಡು ಸವೆದು ತಗ್ಗಿದೆ ಎಂಬುದು ನೆನಪಿರಲಿ. ಕೆಲವು ಪ್ಯಾಡುಗಳು ಕಿವಿಯ ಹಿಂಬದಿಗೆ ದಪ್ಪವಾಗಿ, ಮುಂಬದಿಗೆ ತೆಳುವಾಗಿ ಓರೆಯಾಗಿರುತ್ತವೆ, ಅಂಥವಕ್ಕೆ ಎಡ ಬಲದ ವ್ಯತ್ಯಾಸವಿದೆ.

ಬದಲಿ ಪ್ಯಾಡಿನಲ್ಲಿ ಬಟ್ಟೆಯ ಆಯ್ಕೆಯೂ ಇರುತ್ತದೆ. ಮತ್ತೆ ಅದೇ ಪಾಲಿಯುರೆಥೇನ್ ಲೇಪದ್ದನ್ನು ಕೊಂಡರೆ ಧ್ವನಿ ಮೊದಲಿನಂತಿರುತ್ತದೆ, ಕೆಲವು ವರ್ಷಗಳ ನಂತರ ಮತ್ತೆ ಸಿಪ್ಪೆ ಏಳುವುದೂ ಖಂಡಿತ. ವೆಲ್ವೆಟ್ಟಿನಂಥ ವೆಲೂರ್ ಸಿಪ್ಪೆ ಏಳುವುದಿಲ್ಲ, ಸೆಕೆಗೂ ಹಿತ, ಆದರೆ ಧೂಳನ್ನೂ ಕೂದಲನ್ನೂ ಕಾಂತದಂತೆ ಎಳೆಯುತ್ತದೆ, ಲೇಪದ ಪ್ಯಾಡಿಗೆಂದು ಹದ ಮಾಡಿದ ಹೆಡ್‌ಫೋನಿಗೆ ಹಾಕಿದರೆ ಕೆಳಸ್ವರ ತೆಳುವಾಗುತ್ತದೆ. ವೆಲೂರ್ ಎಂದರೆ ಕೆಳಸ್ವರವೇ ಇಲ್ಲ ಎಂದಲ್ಲ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಹುಟ್ಟಿನಿಂದಲೇ ವೆಲೂರ್ ಪ್ಯಾಡಿನದು, ಅದರ ಕಪ್ಪನ್ನು ಆ ಪ್ಯಾಡಿಗೆ ಹೊಂದುವಂತೆಯೇ ರೂಪಿಸಿದ್ದಾರೆ. ಕುರಿಚರ್ಮದ ನಿಜವಾದ ಲೆದರ್ ಪ್ಯಾಡು ಬಹಳ ಕಾಲ ಬಾಳುತ್ತದೆ, ಆದರೆ ಅದರ ಬೆಲೆಗೆ ಈ ಬರಹದಲ್ಲಿ ಜಾಗವಿಲ್ಲ.

ಕೂರಿಸುವ ಕೆಲಸ ಅಂಚಿನ ಜಾತಿಯದಾದರೆ ಸೈಕಲ್ ಟೈರನ್ನು ರಿಮ್ಮಿಗೆ ಏರಿಸಿದಂತೆ: ಕೆಳಗಿನ ಒಂದು ಬಿಂದುವಿನಲ್ಲಿ ಅಂಚನ್ನು ಸೀಳಿಗೆ ಸಿಕ್ಕಿಸಿ, ಅಲ್ಲಿಯೇ ಹೆಬ್ಬೆರಳಿನಿಂದ ಹಿಡಿದು, ಕಾರ್ಡಿನ ಮೂಲೆಯಿಂದ ಎರಡೂ ಬದಿಗೆ ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳುತ್ತ ಮೇಲಕ್ಕೆ ಬರಬೇಕು. ಕೊನೆಯ ಎರಡಂಗುಲ ಹಟ ಮಾಡುತ್ತದೆ, ಜೋರಾಗಿ ಎಳೆದರೆ ತೆಳು ಅಂಚು ಹರಿಯುತ್ತದೆ. ಅಂಟಿನ ಜಾತಿಗೆ ಕೂದಲು ಒಣಗಿಸುವ ಡ್ರೈಯರಿನ ಕಡಿಮೆ ಬಿಸಿಯಲ್ಲಿ ಅಂಚನ್ನು ಬೆಚ್ಚಗೆ ಮಾಡಿ ಕಾರ್ಡು ತೂರಿಸಿ ಎಬ್ಬಿಸಿ. ಉಳಿದ ಗಮ್ಮನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ದ್ರವವನ್ನು ಕಪ್ಪಿನ ಮೇಲೆ ನೇರವಾಗಿ ಸುರಿಯಬೇಡಿ. ಹೊಸದರೊಂದಿಗೆ ಬಂದ ಡಬಲ್ ಸೈಡ್ ಟೇಪು ಒಂದೇ ಸಲಕ್ಕೆ ಹಿಡಿಯುವಂಥದ್ದು, ಆದ್ದರಿಂದ ಅದರ ಕಾಗದ ಸುಲಿಯುವ ಮೊದಲೇ ಪ್ಯಾಡನ್ನು ಇಟ್ಟು ನೋಡಿ ಜಾಗ ಗುರುತಿಸಿಕೊಳ್ಳಬೇಕು.

ಹಳೆಯ ಪ್ಯಾಡನ್ನು ಕಸಕ್ಕೆ ಹಾಕುವ ಮುನ್ನ ತಿರುಗಿಸಿ ಹಿಂಭಾಗವನ್ನು ನೋಡಿ. ಕೊಕ್ಕೆಗಳಿರುವ ಪ್ಲಾಸ್ಟಿಕ್ ಉಂಗುರವೋ, ಸ್ಪೀಕರನ್ನು ಮುಚ್ಚುವ ತೆಳು ಜಾಲರಿ ಬಟ್ಟೆಯೋ ಅದಕ್ಕೇ ಅಂಟಿಕೊಂಡಿರಬಹುದು, ಕೆಲವು ಬದಲಿ ಜೋಡಿಗಳು ಇವೆರಡೂ ಇಲ್ಲದೆಯೇ ಬರುತ್ತವೆ. ನಾನು ಅವನ್ನು ಬಿಡಿಸಿ, ಎಡ ಬಲ ಎಂದು ಬರೆದು, ಬೂಟಿನ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣದ ಜೊತೆಗೆ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ.